ಓದುಗರ ಪ್ರಶ್ನೆ, ನಮ್ಮ ಉತ್ತರ: ನಕ್ಷೆ ಹಿಡಿದು ಗುಡ್ಡೆ ಓಡುವವರಿಗೆ

ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ, ನೆಲದ ಮೇಲೆ ಅಲ್ಲಲ್ಲಿ ಇಟ್ಟ ಕಂಟ್ರೋಲ್‌ಗಳನ್ನು (ಬಾವುಟ ಕಟ್ಟಿದ ಗುರುತಿನ ಜಾಗಗಳನ್ನು) ಕ್ರಮ ತಪ್ಪದೆ ಮುಟ್ಟುತ್ತಾ, ಆದಷ್ಟು ಕಡಿಮೆ ಸಮಯದಲ್ಲಿ ಗುರಿ ಸೇರುವ ಕ್ರೀಡೆ ಓರಿಯೆಂಟೀರಿಂಗ್. ಈ ಕುರಿತು ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು 10 ಕಿ.ಮೀ. ದೂರವನ್ನು 42 ನಿಮಿಷಗಳಲ್ಲಿ ಓಡುತ್ತೇನೆ. ಎನ್‌ಸಿಸಿಯಲ್ಲಿ ನಕ್ಷೆ ಓದುವುದನ್ನೂ ಕಲಿತಿದ್ದೇನೆ. ಆದರೂ ನಾನು ಭಾಗವಹಿಸಿದ ಓರಿಯೆಂಟೀರಿಂಗ್ ಸ್ಪರ್ಧೆಯಲ್ಲಿ, ಓಟದಲ್ಲಿ ನನಗಿಂತ ಹಿಂದಿರುವವರೆಲ್ಲ ನನಗಿಂತ ಮೊದಲೇ ಮುಗಿಸಿದರು. ಕಂಟ್ರೋಲಿನ ಹತ್ತಿರ ಬಂದ ಮೇಲೆಯೇ ನಾನು ಹೆಚ್ಚು ಹೊತ್ತು ಸುತ್ತಾಡುತ್ತೇನೆ. ಓಟದ ಅಭ್ಯಾಸವನ್ನು ಇನ್ನೂ ಹೆಚ್ಚಿಸಬೇಕೇ? (ಕಾಲೇಜು ವಿದ್ಯಾರ್ಥಿ, ಪೆರ್ಲ)

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಕಾಲಿನ ವೇಗ ಈಗಾಗಲೇ ನಿಮ್ಮ ಓದಿನ ವೇಗವನ್ನು ಮೀರಿದೆ. ನಕ್ಷೆ ಕಣ್ಣಿಗೆ ಹತ್ತದಷ್ಟು ಜೋರಾಗಿ ಓಡಿ ಉಳಿಸಿದ ಅರ್ಧ ನಿಮಿಷಕ್ಕೆ ಈ ಕ್ರೀಡೆಯಲ್ಲಿ ಐದು ನಿಮಿಷದ ದಂಡ ತೆರಬೇಕಾಗುತ್ತದೆ. ಎನ್‌ಸಿಸಿಯಲ್ಲಿ ನೀವು ಕಲಿತಿರಬಹುದಾದದ್ದು 1:50,000 ಸ್ಕೇಲಿನ ಹಾಳೆಯಲ್ಲಿ ಚೌಕದ ಅಂಕೆಗಳನ್ನು ಹಿಡಿದು ಒಂದು ಸ್ಥಳವನ್ನು ಗುರುತಿಸುವ ವಿದ್ಯೆ. ಅಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಮಧ್ಯಮ ದೂರದ ಸ್ಪರ್ಧೆಯ ನಕ್ಷೆ 1:10,000, ಸ್ಪ್ರಿಂಟ್ ಸ್ಪರ್ಧೆಯದು 1:4,000 ಸ್ಕೇಲಿನದು; ಒಂದು ಸೆಂಟಿಮೀಟರಿಗೆ ಕ್ರಮವಾಗಿ 100 ಮೀಟರ್ ಮತ್ತು 40 ಮೀಟರ್ ಮಾತ್ರ. ಆಳೆತ್ತರದ ಬಂಡೆ, ಹಳೆಯ ಅಗಳು, ತೋಟದ ಬರೆ ಎಲ್ಲವೂ ಅದರಲ್ಲಿ ಮೂಡಿರುತ್ತವೆ. ಅಷ್ಟು ವಿವರವನ್ನು ಏದುಸಿರಿನ ನಡುವೆ ಗ್ರಹಿಸುವುದು ಮೇಜಿನ ಮುಂದೆ ಕುಳಿತು ಕಲಿತ ನಕ್ಷೆ ಓದಿಗಿಂತ ಬೇರೆಯದೇ ಅಭ್ಯಾಸ.

ಕಂಟ್ರೋಲಿನ ಸುತ್ತ ಅಲೆದಾಡುವುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ: ದೂರದಿಂದಲೇ ಕಂಟ್ರೋಲನ್ನು ನೇರವಾಗಿ ಹುಡುಕಿಕೊಂಡು ಹೋಗುವುದು. ಅನುಭವಿಗಳು ಮೊದಲು ಹುಡುಕುವುದು ಅದರ ಸಮೀಪದಲ್ಲಿರುವ, ಯಾರೂ ಕಾಣದೆ ಹೋಗಲಾರದಂತಹ ಒಂದು ದೊಡ್ಡ ಗುರುತನ್ನು. ಇದನ್ನು ಅಟ್ಯಾಕ್ ಪಾಯಿಂಟ್ ಎನ್ನುತ್ತಾರೆ. ನಿಮ್ಮ ಕಡೆಯ ಗುಡ್ಡೆಯನ್ನೇ ತೆಗೆದುಕೊಳ್ಳೋಣ. ಇಳಿಜಾರಿನ ಬಲ್ಲೆಗಳ ನಡುವೆ ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಒಂದು ಸುರಂಗದ ಬಾಯಲ್ಲಿ ಕಂಟ್ರೋಲ್ ಇದೆ. ಸುರಂಗದ ಬಾಯಿ ಹತ್ತು ಹೆಜ್ಜೆಯ ದೂರದಿಂದಲೂ ಕಾಣಿಸದಿರಬಹುದು, ಆದರೆ ಅದರ ಕೆಳಗೆ 120 ಮೀಟರ್ ದೂರದಲ್ಲಿ ಒಂದು ಮದಕ, ಅಂದರೆ ಏರಿ ಕಟ್ಟಿದ ಕೆರೆ ಇದೆ. ಮದಕದ ಏರಿಯ ತುದಿಯವರೆಗೆ ನೀವು ನಿಮ್ಮ ಪೂರ್ತಿ ವೇಗದಲ್ಲಿ ಓಡಬಹುದು. ಅಲ್ಲಿ ವೇಗ ತಗ್ಗಿಸಿ, ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿ, ದಿಕ್ಕು ಹಿಡಿದು, ಹೆಜ್ಜೆ ಎಣಿಸುತ್ತಾ ಎರಡು ಸಮೋನ್ನತಿ ರೇಖೆಗಳಷ್ಟು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಏರಬೇಕು. ರೇಖೆಗಳ ಅಂತರ 5 ಮೀಟರ್ ಆಗಿದ್ದರೆ ಅದು 10 ಮೀಟರ್ ಎತ್ತರ. 30 ಸೆಂಟಿಮೀಟರ್ ಅಗಲದ ಬಿಳಿ ಮತ್ತು ಕಿತ್ತಳೆ ಬಣ್ಣದ ಬಾವುಟ ಅಲ್ಲಿ ಕಾಣಬೇಕು. ಕಾಣದೆ ಮುಂದೆ ಸಾಗಿ ಮರಗಿಡಗಳಿಲ್ಲದ ಪಾರೆಯ ಅಂಚು ಎದುರಾದರೆ ಜಾಗ ದಾಟಿ ಬಂದಿರಿ ಎಂದೇ ತಿಳಿಯಬೇಕು. ಹೀಗೆ ಹತ್ತಿರ ಬಂದುದನ್ನು ಹೇಳುವ ಒಂದು ಗುರುತು ಮತ್ತು ಮೀರಿದ್ದನ್ನು ಹೇಳುವ ಒಂದು ಗುರುತು, ಇವೆರಡನ್ನೂ ಹಿಂದಿನ ಕಂಟ್ರೋಲ್ ಬಿಡುವ ಮುನ್ನವೇ ಆರಿಸಿಕೊಂಡಿರಬೇಕು. ಬಾವುಟ ಸಿಕ್ಕಿದ ಕೂಡಲೇ ಅದರ ಸಂಕೇತ ಸಂಖ್ಯೆಯನ್ನು ನಿಮ್ಮ ವಿವರಪಟ್ಟಿಯೊಂದಿಗೆ ತಾಳೆ ನೋಡಿ. ಸಂಖ್ಯೆಗಳು 31ರಿಂದ ಆರಂಭವಾಗುವುದು ಕಂಟ್ರೋಲಿನ ಕ್ರಮಾಂಕದೊಂದಿಗೆ ಗೊಂದಲವಾಗದಿರಲೆಂದೇ. ಬೇರೆ ವರ್ಗದವರ ಬಾವುಟವನ್ನು ತಮ್ಮದೆಂದು ಪಂಚ್ ಮಾಡಿ (ತಲುಪಿದ ಗುರುತು ದಾಖಲಿಸಿ) ಫಲಿತಾಂಶವನ್ನೇ ಕಳೆದುಕೊಳ್ಳುವವರು ಪ್ರತಿ ಸ್ಪರ್ಧೆಯಲ್ಲೂ ಇರುತ್ತಾರೆ.

ಅಭ್ಯಾಸಕ್ಕೆ ಬಂದರೆ, ಮಡಚಿದ ನಕ್ಷೆಯ ಮೇಲೆ ನೀವಿರುವ ಜಾಗದಲ್ಲಿ ಹೆಬ್ಬೆರಳನ್ನು ಇಟ್ಟು, ಮುಂದೆ ಸಾಗಿದಂತೆಲ್ಲ ಅದನ್ನೂ ಸರಿಸುತ್ತಾ ಓಡುವುದನ್ನು ಮೊದಲು ರೂಢಿಸಿಕೊಳ್ಳಿ. ಪರಿಚಿತ ದಾರಿಯಲ್ಲಾದರೂ ಸರಿ. ಬಳಿಕ ನಕ್ಷೆಯಿಂದ ಸಮೋನ್ನತಿ ರೇಖೆಗಳನ್ನು ಮಾತ್ರ ಟ್ರೇಸಿಂಗ್ ಹಾಳೆಗೆ ಇಳಿಸಿ, ದಾರಿ, ಬೇಲಿ, ಮನೆ ಯಾವುದೂ ಇಲ್ಲದ ಆ ಹಾಳೆ ಹಿಡಿದು ಗುಡ್ಡೆಗೆ ಹೋಗಿ. ನಿಮ್ಮ ಊರಿನ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ: ಮೇಲೆ ಚಪ್ಪಟೆಯಾದ ಪಾರೆ, ಅಲ್ಲಿ ರೇಖೆಗಳು ದೂರ ದೂರ; ಅಂಚಿನಲ್ಲಿ ಒಮ್ಮೆಲೇ ಒತ್ತೊತ್ತಾಗಿ ಇಳಿಯುವ ರೇಖೆಗಳು; ಕೆಳಗೆ ಕಿರಿದಾದ ಕಣಿವೆ, ಅಡಿಕೆ ತೋಟ, ತೋಡು. ದಾರಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ರಬ್ಬರ್ ತೋಟ ಎದ್ದಲ್ಲಿ ಹಳೆಯ ಬಲ್ಲೆ ಉಳಿಯುವುದಿಲ್ಲ, ಗುಡ್ಡೆಯ ಆಕಾರ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆಕಾರ ಓದಲು ಬಂದವರಿಗೆ ಅಪರಿಚಿತ ಕಾಡಿನಲ್ಲೂ ದಿಕ್ಕು ತಪ್ಪುವುದು ಕಡಿಮೆ.

ಪ್ರತಿ ಓಟ ಮುಗಿದ ಮೇಲೆ, ಜಿಪಿಎಸ್ ವಾಚ್ ತೋರಿಸುವ ಗೆರೆಯನ್ನು ನೋಡುವ ಮೊದಲು, ನೀವು ಹೋದ ದಾರಿಯನ್ನು ನೆನಪಿನಿಂದಲೇ ನಕ್ಷೆಯ ಮೇಲೆ ಬರೆಯಿರಿ. ಎಲ್ಲೆಲ್ಲಿ ನಿಂತಿರಿ, ಯಾಕೆ ನಿಂತಿರಿ, ಎಷ್ಟು ಸಮಯ ಹೋಯಿತು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿ, ಆಮೇಲೆ ವಾಚ್ ಜೊತೆ ಹೋಲಿಸಿ. ಈ ಅರ್ಧ ಗಂಟೆ ಇಂಟರ್ವಲ್ ಓಟದ ಒಂದು ಸಂಜೆಗಿಂತ ಹೆಚ್ಚು ಲಾಭ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸ್ಪರ್ಧೆಯ ವೇಳೆಯಲ್ಲಾದರೋ ದಾರಿ ಹುಡುಕಲು ಜಿಪಿಎಸ್ ಬಳಸುವಂತಿಲ್ಲ.

ಪ್ರಶ್ನೆ: ಎರಡು ಕಂಟ್ರೋಲ್‌ಗಳ ನಡುವೆ ಗುಡ್ಡೆ ಬಂದರೆ ಹತ್ತಿ ಇಳಿಯುವುದೋ, ಸುತ್ತಿ ಬರುವುದೋ? ತಂಡದಲ್ಲಿ ಯಾವಾಗಲೂ ಇದೇ ವಾದ. (ಕ್ರೀಡಾ ತರಬೇತುದಾರ, ಮಂಜೇಶ್ವರ)

ಉತ್ತರ: ಒಂದು ಒರಟು ಲೆಕ್ಕವಿದೆ: ಒಂದು ಮೀಟರ್ ಏರುವುದು ಸಮತಟ್ಟಿನಲ್ಲಿ ಸುಮಾರು ಎಂಟು ಮೀಟರ್ ಓಡಿದ್ದಕ್ಕೆ ಸಮ. ನೇರ ದಾರಿ 400 ಮೀಟರ್, ಏರು 40 ಮೀಟರ್ ಇದ್ದರೆ ಅದನ್ನು 720 ಮೀಟರ್ ಎಂದು ಎಣಿಸಿ. ಸುತ್ತುದಾರಿ 650 ಮೀಟರ್ ಇದ್ದು ಏರಿಲ್ಲದಿದ್ದರೆ ಸುತ್ತುವುದೇ ಲೇಸು. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ಸುತ್ತುದಾರಿ ಯಾವ ಬಣ್ಣದ ಮೂಲಕ ಹೋಗುತ್ತದೆ ಎಂಬುದನ್ನೂ ನೋಡಬೇಕು. ನಕ್ಷೆಯಲ್ಲಿ ಬಿಳಿ ಎಂದರೆ ಸಲೀಸಾಗಿ ಓಡಬಹುದಾದ ಕಾಡು, ಹಳದಿ ಎಂದರೆ ಬಯಲು, ಬೂದು ಎಂದರೆ ಬರಿಯ ಬಂಡೆ. ನಿಮ್ಮ ಪಾರೆಗಳು ಬೂದು ಬಣ್ಣದಲ್ಲಿ ಬರುತ್ತವೆ. ತಿಳಿ ಹಸಿರಿನಲ್ಲಿ ವೇಗ ಸಾಮಾನ್ಯದ 60ರಿಂದ 80 ಶೇಕಡಾಕ್ಕೆ ಇಳಿಯುತ್ತದೆ, ಕಡು ಹಸಿರಿನಲ್ಲಿ 20 ಶೇಕಡಾವೂ ಉಳಿಯದು. ಗೇರು ತೋಪಿನ ಅಡಿ ಸವರಿದ್ದರೆ ಬೇಸಿಗೆಯಲ್ಲಿ ಬಿಳಿಯಷ್ಟೇ ಸಲೀಸು. ಮಳೆ ಬಿದ್ದು ಬಳ್ಳಿ ಹಬ್ಬಿದ ಮೇಲೆ ಅದೇ ತೋಪು ಹಸಿರಾಗುತ್ತದೆ.

ತೋಡು ದಾಟಬೇಕಾದಲ್ಲಿ ಇನ್ನೊಂದು ಉಪಾಯವನ್ನು ತಂಡಕ್ಕೆ ಕಲಿಸಿ. ಸಂಕದ (ಕಾಲುಸೇತುವೆಯ) ಕಡೆಗೇ ನೇರವಾಗಿ ದಿಕ್ಕು ಹಿಡಿದು ಹೋದವರು ತೋಡಿನ ಬದಿಗೆ ಬಂದಾಗ ಸಂಕ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದೆ ನಿಲ್ಲುತ್ತಾರೆ. ಬೇಕೆಂದೇ ಮೂವತ್ತು ನಲವತ್ತು ಮೀಟರ್ ಎಡಕ್ಕೆ ಗುರಿಯಿಟ್ಟು ಬಂದರೆ, ತೋಡು ಸಿಕ್ಕಿದೊಡನೆ ಯೋಚಿಸದೆ ಬಲಕ್ಕೆ ತಿರುಗಬಹುದು.

ಪ್ರಶ್ನೆ: ವಿದೇಶದಲ್ಲಿರುವ ಬಂಧುವೊಬ್ಬರು ಕಳುಹಿಸಿದ ಬೆಲೆಬಾಳುವ ದಿಕ್ಸೂಚಿಯ ಮುಳ್ಳು ಇಲ್ಲಿ ಒಂದು ಕಡೆ ಎತ್ತಿಕೊಂಡು ಇನ್ನೊಂದು ಕಡೆ ತಳಕ್ಕೆ ತಾಗುತ್ತದೆ. ಹಾಳಾಗಿದೆಯೇ? (ಓದುಗರು, ಕುಂಬಳೆ)

ಉತ್ತರ: ಹಾಳಾಗಿರಲಾರದು. ಭೂಮಿಯ ಕಾಂತಕ್ಷೇತ್ರ ಉತ್ತರ ಯುರೋಪಿನಲ್ಲಿ ನೆಲದೊಳಕ್ಕೆ 70 ಡಿಗ್ರಿಗೂ ಹೆಚ್ಚು ಬಾಗಿರುತ್ತದೆ. ಅಲ್ಲಿಗೆಂದು ಮಾಡಿದ ಮುಳ್ಳನ್ನು ಆ ಬಾಗನ್ನು ಸರಿದೂಗಿಸುವಂತೆ ತೂಗಿರುತ್ತಾರೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಸಮೀಪದಲ್ಲೇ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಉಡಾವಣೆಗೆ ತಿರುವನಂತಪುರದ ತುಂಬಾವನ್ನು ಆರಿಸಿದ್ದು ಇದೇ ಕಾರಣಕ್ಕೆ. ಕಾಸರಗೋಡಿನಲ್ಲಿ ಬಾಗು ಅಲ್ಪವಾದ್ದರಿಂದ ಅಲ್ಲಿಯ ತೂಕ ಇಲ್ಲಿ ಹೆಚ್ಚಾಗಿ ಮುಳ್ಳು ಓರೆಯಾಗುತ್ತದೆ. ಈ ಪ್ರದೇಶಕ್ಕೆ ಸಮತೋಲನ ಮಾಡಿದ ಅಥವಾ ಎಲ್ಲ ವಲಯಗಳಿಗೂ ಹೊಂದುವ ದಿಕ್ಸೂಚಿಯನ್ನು ಕೇಳಿ ಕೊಳ್ಳಿ. ನಿಜವಾದ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ವ್ಯತ್ಯಾಸದ ಚಿಂತೆ ಬೇಡ. ಓರಿಯೆಂಟೀರಿಂಗ್ ನಕ್ಷೆಯ ಗೆರೆಗಳನ್ನು ಕಾಂತೀಯ ಉತ್ತರಕ್ಕೇ ಎಳೆದಿರುತ್ತಾರೆ.

ಪ್ರಶ್ನೆ: ನಮ್ಮ ಶಾಲೆಯ ಸುತ್ತ ಒಳ್ಳೆಯ ಗುಡ್ಡೆಯಿದೆ, ನಕ್ಷೆ ಮಾತ್ರ ಇಲ್ಲ. ಸರ್ವೆ ಆಫ್ ಇಂಡಿಯಾದ ಹಾಳೆ ಸಾಕೇ? ನಾವೇ ನಕ್ಷೆ ಮಾಡಿದರೆ ಕಾನೂನಿನ ತೊಡಕಿದೆಯೇ? (ಶಿಕ್ಷಕಿ, ಬದಿಯಡ್ಕ)

ಉತ್ತರ: 1:50,000 ಸ್ಕೇಲಿನ ಆ ಹಾಳೆಯಲ್ಲಿ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ಎರಡು ರೇಖೆಗಳ ನಡುವೆ 15 ಮೀಟರ್ ಆಳದ ಕಲ್ಲುಕೋರೆ ಅಡಗಿ ಕೂತರೂ ಅದು ಹೇಳುವುದಿಲ್ಲ. ಸ್ಥೂಲವಾದ ತಳಹದಿಗೆ ಅದನ್ನು ಇಟ್ಟುಕೊಳ್ಳಬಹುದು, ಓಡಲು ಸಾಲದು.

ಕಾನೂನಿನ ಮಟ್ಟಿಗೆ, 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕಾಗಿಲ್ಲ. ಸೂಕ್ಷ್ಮ ಸ್ಥಳಗಳ ವಿವರಕ್ಕೆ ಮಾತ್ರ ನಿರ್ಬಂಧವಿದೆ. ಜಮೀನಿನವರ ಒಪ್ಪಿಗೆ ಬೇರೆ ವಿಷಯ, ಅದನ್ನು ಕೇಳಲೇಬೇಕು. ರಾಣಿಪುರದಂತಹ ಅರಣ್ಯ ಇಲಾಖೆಯ ನೆಲವಾದರೆ ಇಲಾಖೆಯ ಅನುಮತಿ ಬೇಕು.

ಶಾಲೆಯ ಆವರಣದಿಂದಲೇ ಆರಂಭಿಸಿ. ಓಪನ್ ಓರಿಯೆಂಟೀರಿಂಗ್ ಮ್ಯಾಪರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅಂತಾರಾಷ್ಟ್ರೀಯ ಓರಿಯೆಂಟೀರಿಂಗ್ ಒಕ್ಕೂಟದ ಸಂಕೇತಗಳೆಲ್ಲ ಅದರಲ್ಲಿವೆ. ಉಪಗ್ರಹ ಚಿತ್ರವನ್ನು ತಳದಲ್ಲಿಟ್ಟು ಕಟ್ಟಡ, ದಾರಿ, ಆವರಣ ಗೋಡೆಗಳನ್ನು ಎಳೆದುಕೊಂಡು, ಅದನ್ನು ಮುದ್ರಿಸಿ, ಮಕ್ಕಳೊಂದಿಗೆ ನಡೆದು ತಿದ್ದಿ. ಈ ನಡೆದು ತಿದ್ದುವ ಕೆಲಸವೇ ನಕ್ಷೆಯ ಜೀವಾಳ. ಮರಗಳ ಅಡಿಯಲ್ಲಿರುವ ಅಗಳು, ಬಾವಿ, ಬರೆ ಯಾವುದೂ ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ. ಅಡಿಕೆ ತೋಟಕ್ಕೆ ಹಣ್ಣಿನ ತೋಟದ ಸಂಕೇತ ಹೊಂದುತ್ತದೆ: ಹಳದಿಯ ಮೇಲೆ ಸಾಲುಸಾಲು ಹಸಿರು ಚುಕ್ಕೆ. ಮನೆಯಂಗಳಗಳಿಗೆ ಆಲಿವ್ ಹಸಿರು ಬಳಿಯಿರಿ, ಅಲ್ಲಿ ಕಾಲಿಡುವಂತಿಲ್ಲ ಎಂಬುದನ್ನು ಮಕ್ಕಳು ಮೊದಲ ದಿನವೇ ಕಲಿಯಲಿ. ಗುಡ್ಡೆಯ ನಕ್ಷೆ ಆಮೇಲಿನ ಮಾತು. ಒಂದು ಚದರ ಕಿಲೋಮೀಟರ್ ಕಾಡನ್ನು ನಡೆದು ಮುಗಿಸಲು ಪಳಗಿದವರಿಗೂ ಹತ್ತಾರು ಗಂಟೆ ಹಿಡಿಯುತ್ತದೆ.

ಪ್ರಶ್ನೆ: ಮಗಳು ಅಭ್ಯಾಸಕ್ಕೆಂದು ಒಬ್ಬಳೇ ಗುಡ್ಡೆಗೆ ಹೋಗುತ್ತಾಳೆ, ಮಳೆಗಾಲದಲ್ಲೂ ಬಿಡುವುದಿಲ್ಲ. ತಡೆಯಬೇಕೇ? (ತಾಯಿ, ಮುಳ್ಳೇರಿಯ)

ಉತ್ತರ: ಅಭ್ಯಾಸವನ್ನು ತಡೆಯಬೇಡಿ, ಒಬ್ಬಳೇ ಹೋಗುವುದನ್ನು ತಡೆಯಿರಿ. ಮುಖ್ಯ ಅಪಾಯ ಹಾವಲ್ಲ, ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳು. ಅವುಗಳ ಗೋಡೆ ಕತ್ತರಿಸಿದಂತೆ ನೇರವಾಗಿ ಇಳಿದಿರುತ್ತದೆ, ಮುಳಿಹುಲ್ಲು ಬೆಳೆದರೆ ಅಂಚು ಕಾಣುವುದಿಲ್ಲ, ಜೂನ್ ಕಳೆದರೆ ಒಳಗೆ ನೀರು. ಸ್ಪರ್ಧೆಯ ನಕ್ಷೆಯಲ್ಲಿ ಇವನ್ನು ದಾಟಬಾರದ ದಪ್ಪ ಕಪ್ಪು ಗೆರೆಯಿಂದ ತೋರಿಸುತ್ತಾರೆ. ಅಭ್ಯಾಸದ ನಕ್ಷೆಯಲ್ಲಿ ನೀವೇ ನೇರಳೆ ಬಣ್ಣದ ಅಡ್ಡಗೆರೆ ಹಾಕಿ ಆ ಜಾಗವನ್ನು ಪೂರ್ತಿ ನಿಷೇಧಿಸಿ. ಕಾಡುಹಂದಿಗೆಂದು ತೋಟದ ಬದಿಯಲ್ಲಿ ಕಟ್ಟಿದ ತಂತಿಯ ವಿಚಾರವನ್ನು ತೋಟದವರಲ್ಲೇ ಕೇಳಿ ತಿಳಿಯಬೇಕು.

ಇಬ್ಬರು ಜೊತೆಗೂಡಿದರೂ ಅಭ್ಯಾಸ ಕೆಡುವುದಿಲ್ಲ. ಒಬ್ಬಳು ಮೊದಲ ಕಂಟ್ರೋಲಿನಿಂದ, ಇನ್ನೊಬ್ಬಳು ಕೊನೆಯದರಿಂದ ಹೊರಟು ಎದುರುಬದುರಾಗಿ ಬಂದರೆ ಇಬ್ಬರೂ ಸ್ವತಂತ್ರವಾಗಿ ದಾರಿ ಹುಡುಕಿದಂತೆಯೂ ಆಗುತ್ತದೆ, ನಡುವೆ ಭೇಟಿಯಾಗದಿದ್ದರೆ ಏನೋ ತೊಂದರೆಯಾಗಿದೆ ಎಂಬುದೂ ತಿಳಿಯುತ್ತದೆ. ಹಿಂತಿರುಗುವ ಸಮಯವನ್ನು ಮನೆಯಲ್ಲಿ ಬರೆದಿಟ್ಟು ಹೋಗಲಿ. ಕೊರಳಲ್ಲಿ ಸೀಟಿ ಇರಲಿ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ನೆರವು ಬೇಕೆಂಬ ಸಂಕೇತ. ಮಳೆಗಾಲದಲ್ಲಿ ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಕಾಲಿನ ಗಾಯ ಗದ್ದೆ ತೋಡುಗಳ ನೀರಿಗೆ ಸೋಕಿದ ಬಳಿಕ ಜ್ವರ ಬಂದರೆ ಇಲಿಜ್ವರದ ಸಾಧ್ಯತೆಯನ್ನು ವೈದ್ಯರಿಗೆ ಹೇಳಿ, ತಡಮಾಡಬೇಡಿ. ಆಟಿಯ ಜಡಿಮಳೆಯಲ್ಲಿ ಗುಡ್ಡೆ ಬಿಟ್ಟು ಶಾಲೆಯ ಆವರಣದಲ್ಲಿ ಸ್ಪ್ರಿಂಟ್ ಅಭ್ಯಾಸ ಮಾಡುವುದು ಒಳ್ಳೆಯದು. ಪಾರೆಯ ಮೇಲಿನ ಪಾಚಿ ಯಾವ ಶೂಗೂ ಹಿಡಿತ ಕೊಡುವುದಿಲ್ಲ.

ಪ್ರಶ್ನೆ: ನನಗೆ 53 ವರ್ಷ. ಈಗ ಆರಂಭಿಸಬಹುದೇ? ಇದು ಒಲಿಂಪಿಕ್ಸ್‌ನಲ್ಲಿ ಇದೆಯೇ? (ನಿವೃತ್ತ ಯೋಧ, ಉಪ್ಪಳ)

ಉತ್ತರ: ಧಾರಾಳವಾಗಿ ಆರಂಭಿಸಬಹುದು. 35 ದಾಟಿದವರಿಗೆಂದೇ ವಿಶ್ವ ಮಟ್ಟದ ಮಾಸ್ಟರ್ಸ್ ಸ್ಪರ್ಧೆಯಿದೆ, ವರ್ಗಗಳನ್ನು ಐದೈದು ವರ್ಷಗಳಿಗೆ ವಿಂಗಡಿಸಿರುತ್ತಾರೆ. ಅಂತಾರಾಷ್ಟ್ರೀಯ ಒಕ್ಕೂಟ 1961ರಲ್ಲಿ ಸ್ಥಾಪನೆಯಾಗಿ, 1977ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆ ಪಡೆದಿದ್ದರೂ ಕ್ರೀಡೆ ಒಲಿಂಪಿಕ್ಸ್‌ಗೆ ಸೇರಿಲ್ಲ. ಕಾಡಿನೊಳಗಿನ ಓಟವನ್ನು ಟಿವಿಯಲ್ಲಿ ತೋರಿಸುವ ಕಷ್ಟವೂ ಅದಕ್ಕೊಂದು ಕಾರಣವಿರಬೇಕು. ಸೇನೆಯಲ್ಲಿ ನಕ್ಷೆ ಬಳಸಿದ್ದರೆ ನಿಮಗೆ ಅರ್ಧ ದಾರಿ ಕಳೆದಂತೆಯೇ. ಮೊಣಗಂಟು ಸರಿಯಿದೆಯೇ ಎಂದು ನೋಡಿಸಿಕೊಂಡು, ಮೊದಲು ನಡೆದೇ ಒಂದು ಕೋರ್ಸ್ ಮುಗಿಸಿ. ಮುಗಿಸಲಾಗದೆ ನಡುವೆ ಬಿಟ್ಟರೂ ಮುಕ್ತಾಯದ ಜಾಗಕ್ಕೆ ಬಂದು ಹೆಸರು ಹೇಳಿ ಹೋಗಬೇಕೆಂಬ ನಿಯಮವನ್ನು ಮರೆಯಬೇಡಿ. ಇಲ್ಲವಾದರೆ ನೀವು ಮನೆಯಲ್ಲಿ ಊಟ ಮಾಡುತ್ತಿರುವಾಗ ಸಂಘಟಕರು ಟಾರ್ಚ್ ಹಿಡಿದು ಗುಡ್ಡೆಯಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.