ಸಂತೆ ಎಬ್ಬಿಸಿದರೆ ಪೇಟೆ ಉಳಿಯುತ್ತದಾ?

ಕಾಜುಬಾಗದ ಓದುಗರೊಬ್ಬರ ಪತ್ರ: "ಭಾನುವಾರ ಕಾರವಾರದ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಸಂತೆಯನ್ನು ಊರ ಹೊರಗೆ ಹಾಕಿ, ರಸ್ತೆ ಬದಿಯವರನ್ನು ಎಬ್ಬಿಸಿ, ಒಂದು ಒಳ್ಳೆಯ ಕಾಂಪ್ಲೆಕ್ಸ್ ಕಟ್ಟಿದರೆ ಜಿಲ್ಲಾ ಕೇಂದ್ರಕ್ಕೆ ಮರ್ಯಾದೆ. ನೀವೇಕೆ ಬರೆಯುವುದಿಲ್ಲ?"

ಬರೆಯುತ್ತೇವೆ ಸ್ವಾಮಿ. ನಿಮಗೆ ಬೇಕಾದ ಹಾಗಲ್ಲ, ಅಷ್ಟೇ.

ಗದ್ದಲದ ಮಾತು ನಿಜ. ಆಂಬುಲೆನ್ಸಿಗೆ ದಾರಿ ಬಿಡಬೇಕು, ಸಂತೆಯ ಕಸ ಅದೇ ರಾತ್ರಿ ಎತ್ತಬೇಕು. ಅಷ್ಟಕ್ಕೆ ನಮ್ಮ ಸಹಿಯೂ ಇದೆ.

ಕಳೆದ ಭಾನುವಾರ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಕುತ್ತಿಗೆ ತುಂಬ ಮಣಿಸರ, ಎದುರಿಗೆ ಒದ್ದೆ ಗೋಣಿಯ ಮೇಲೆ ಬಸಳೆ, ಹರಿವೆ. ಸುಮ್ನೆ ಚೌಕಾಸಿ ಮಾಡಿದೆ. "ತಕೋ ತಮ್ಮಾ, ಬಸ್ಸಿಗೆ ಹೊತ್ತಾಯ್ತು" ಅಂದರು. ಗೋಣಿ ಕೊಡವಿ ಮಡಚಿದರು. ಆಮೇಲೆ ಏನು ಮಾಡಿದರು ಗೊತ್ತಾ? ಹಿಂದಿನ ಅಂಗಡಿಗೆ ಹೋಗಿ ಮೊಮ್ಮಗಳಿಗೆ ಚಪ್ಪಲಿ ಕೊಂಡರು. ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ಎಣಿಸಿ ಕೊಟ್ಟರು. ಅದರಲ್ಲಿ ನಾನು ಕೊಟ್ಟ ದುಡ್ಡೂ ಇತ್ತು. ಪೇಟೆ ಅಂದರೆ ಇದೇ ಅಲ್ವಾ? ಅಜ್ಜಿಯನ್ನು ಊರ ಹೊರಗೆ ಕಳಿಸಿದರೆ ಆ ಚಪ್ಪಲಿ ಅಂಗಡಿಯವನು ಯಾರ ಮುಖ ನೋಡಿಕೊಂಡು ಕೂರಬೇಕು?

ದೊಡ್ಡ ವ್ಯಾಪಾರದ ಕನಸು ನಮ್ಮ ಕರಾವಳಿ ಕಾಣದ್ದೇನಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಕುಮಟಾದಲ್ಲಿ ಒಂದು ಹತ್ತಿ ಗಿಡ ಇಲ್ಲದಿದ್ದರೂ ಬೊಂಬಾಯಿಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಅಂತಲೇ ಹೆಸರು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದ ಕಾಲ ಅದು. ಕಾರವಾರ ದೊಡ್ಡ ಬಂದರಾಗುತ್ತದೆ ಅಂತ ಎಲ್ಲರೂ ಕುಣಿದರು. 1880ರ ದಶಕದಲ್ಲಿ ಗೋವೆಯ ಮುರ್ಗಾಂವ್ ಬಂದರಿಗೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು. ದೊಡ್ಡ ವ್ಯಾಪಾರಿಗಳು ಹಾಗೆ, ಲಾಭ ಇದ್ದ ಕಡೆ ಗಂಟು ಕಟ್ಟುತ್ತಾರೆ. ಬಸಳೆಯ ಅಜ್ಜಿ ಮಾತ್ರ ಮುಂದಿನ ಭಾನುವಾರವೂ ಬರುತ್ತಾರೆ.

ಇನ್ನು ಕಾಂಪ್ಲೆಕ್ಸ್. ಹೆಸರು ಬೇಡ, ಪಕ್ಕದ ಒಂದು ಊರಲ್ಲಿ ಹೂವಿನವರಿಗೆ, ತರಕಾರಿಯವರಿಗೆ ಮೊದಲ ಮಹಡಿಯಲ್ಲಿ ಮಳಿಗೆ ಕೊಟ್ಟರು. ಒಂದು ಕೊತ್ತಂಬರಿ ಕಟ್ಟಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಮಳೆಗಾಲ ಕಳೆಯುವುದರೊಳಗೆ ಎಲ್ಲರೂ ಮತ್ತೆ ಫುಟ್‌ಪಾತಿನಲ್ಲಿ. ಮೇಲೆ ಬೀಗ, ಪಾರಿವಾಳ.

ಎಬ್ಬಿಸಿ ಅಂತ ಬರೆಯುವುದು ಸುಲಭ. 1989ರಲ್ಲೇ ಸುಪ್ರೀಂ ಕೋರ್ಟು ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ಕಟ್ಟುಪಾಡು ಹಾಕಬಹುದು ಅಂದಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು. 50 ವರ್ಷಕ್ಕಿಂತ ಹಳೆಯ, ತಾನಾಗಿಯೇ ಬೆಳೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಅಂತ ಸಾರಬೇಕು, ಅಲ್ಲಿಯವರನ್ನು ಜಾಗ ಬದಲಿಸುವಂತಿಲ್ಲ. ನಮ್ಮ ಸಂತೆಗೆ ಎಷ್ಟು ವಯಸ್ಸು ಅಂತ ನಿಮ್ಮ ತಂದೆಯವರನ್ನೇ ಕೇಳಿ.

ಒಂದು ಕಾರು ನಿಂತ ಜಾಗದಲ್ಲಿ ಮೂವರು ಹೆಂಗಸರು ಬುಟ್ಟಿ ಇಟ್ಟು ಕೂರುತ್ತಾರೆ. ಕಾರಿನ ಮೇಲೆ ನಮಗೆ ಇದುವರೆಗೆ ಒಂದೂ ಪತ್ರ ಬಂದಿಲ್ಲ. ಎಲ್ಲರಿಗೂ ಅಂಗಡಿ ಬಾಗಿಲಲ್ಲೇ ಗಾಡಿ ನಿಲ್ಲಬೇಕು. ಇಲ್ಲವೇ ಫೋನಿನಲ್ಲಿ ತರಿಸಿಕೊಳ್ಳುತ್ತೇವೆ. ಆಮೇಲೆ ಪೇಟೆ ಮೊದಲಿನ ಹಾಗಿಲ್ಲ ಅಂತ ನಾವೇ ಗೊಣಗುತ್ತೇವೆ.

ನಿಮ್ಮ ಅಕ್ಷರ ಮುತ್ತಿನಂತಿದೆ. ಊರಿನ ಕಾಳಜಿಯೂ ಇದೆ, ಅದಕ್ಕೇ ಇಷ್ಟು ಉದ್ದ ಬರೆದೆ. ಈ ಭಾನುವಾರ ಬೆಳಗ್ಗೆ ಏಳಕ್ಕೆ ಬನ್ನಿ, ಬಿಸಿಲು ಏರುವ ಮೊದಲು. ನಡೆದೇ ಬನ್ನಿ. ಚೀಲ ಮರೆಯಬೇಡಿ.

— ಸಂ.