ಗೋಡೆಯ ಮೇಲಿಲ್ಲದ ಪಟ

ಪ್ರಿಯ ಲೇಖಕರೇ, ನಮಸ್ಕಾರ.

ನೀವು ಕಳಿಸಿದ ‘ಗುಡುಗು’ ಕಥೆಯನ್ನು ಎರಡು ಸಲ ಓದಿದ್ದೇನೆ. ಉತ್ತರ ವಿಯೆಟ್ನಾಮಿನ ಹಳ್ಳಿಯೊಂದರಲ್ಲಿ ಅಕ್ಕನೊಂದಿಗೆ ಬದುಕುತ್ತಿರುವ ಮಾಜಿ ಸೈನಿಕನೊಬ್ಬ ಮಳೆಗಾಲದ ಗುಡುಗಿಗೆ ಬಾಂಬುಗಳನ್ನು ನೆನೆದು ಮಂಚದ ಕೆಳಗೆ ಅವಿತುಕೊಳ್ಳುತ್ತಾನೆ. ಕೊನೆಗೆ ಬೆಂಗಳೂರಿನಿಂದ ಪ್ರವಾಸಕ್ಕೆ ಬಂದ ಯುವತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡು, ಅತ್ತು ಹಗುರಾಗುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ವಾಕ್ಯ ಕಟ್ಟುವುದು ನಿಮಗೆ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೇ ಎರಡು ಸಾಲಿನ ವಿಷಾದಪತ್ರದಲ್ಲಿ ಮುಗಿಸದೆ ಇಷ್ಟು ಬರೆಯುತ್ತಿದ್ದೇನೆ. ಕೆಲವು ಮಾತು ಖಾರವೆನಿಸಿದರೆ ಮನ್ನಿಸಿ.

ನಿಮ್ಮ ಮುದುಕ ಆ ಹಳ್ಳಿಯವನಲ್ಲ, ಅಮೆರಿಕದ ಸಿನಿಮಾಗಳಿಂದ ಎದ್ದು ಬಂದವನು. ಸದ್ದಿಗೆ ಬೆಚ್ಚಿಬೀಳುವ, ಯುದ್ಧವನ್ನು ಮತ್ತೆ ಮತ್ತೆ ಕಣ್ಣೆದುರು ಕಾಣುವ ಮಾಜಿ ಸೈನಿಕ ನಮಗೆಲ್ಲ ಪರಿಚಯವಾದದ್ದೇ ಅಲ್ಲಿಂದ. ಆಘಾತದ ನಂತರ ಉಳಿಯುವ ಈ ಮಾನಸಿಕ ಒತ್ತಡಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯ ಹೆಸರು ಸಿಕ್ಕಿದ್ದು 1980ರಲ್ಲಿ. ಅದಕ್ಕಾಗಿ ಒತ್ತಾಯಿಸಿದವರಲ್ಲಿ ವಿಯೆಟ್ನಾಮಿನಿಂದ ಮರಳಿದ ಅಮೆರಿಕನ್ ಸೈನಿಕರು ಮುಂದಿದ್ದರು. ವಿಯೆಟ್ನಾಮಿನ ಸೈನಿಕರಿಗೆ ನಿದ್ದೆ ಕೆಡುವುದಿಲ್ಲ, ಕೆಟ್ಟ ಕನಸು ಬೀಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅಮೆರಿಕದವನು ಯುದ್ಧವನ್ನು ಸಾವಿರಾರು ಮೈಲಿ ಆಚೆ ಬಿಟ್ಟು ಮನೆಗೆ ಹೋದ, ಹಾಗಾಗಿ ಅದು ಅವನ ತಲೆಯೊಳಗೆ ಉಳಿಯಿತು. ನಿಮ್ಮ ಮುದುಕನ ಊರೇ ಯುದ್ಧ ನಡೆದ ಜಾಗ. ಅಲ್ಲಿ ನೋವು ಪೂಜೆಯ ಪೀಠದಲ್ಲಿ, ಮದುವೆಯ ಮಾತುಕತೆಯಲ್ಲಿ, ಸರ್ಕಾರಿ ಅರ್ಜಿಯ ಖಾಲಿ ಜಾಗದಲ್ಲಿ ಇರುತ್ತದೆ. ಅದನ್ನೆಲ್ಲ ಬಿಟ್ಟು ಅವನೊಬ್ಬನ ತಲೆಗೆ ಕಟ್ಟಿದ್ದೇ ಕಥೆಯ ಮೂಲ ದೋಷ. (ಅಂದಹಾಗೆ, ಅವನ ಬಾಯಲ್ಲಿ ‘ವಿಯೆಟ್ನಾಂ ಯುದ್ಧ’ ಎಂಬ ಮಾತು ಬರುವುದಿಲ್ಲ, ಅವನಿಗೆ ಅದು ಅಮೆರಿಕದ ವಿರುದ್ಧ ನಡೆದ ಯುದ್ಧ.)

ಸತ್ತವರ ವಿಷಯವನ್ನೇ ನೋಡಿ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕವನ್ನು, ಅಂದರೆ ತನ್ನ ಕಡೆಯ ಸುಮಾರು 11 ಲಕ್ಷ ಹೋರಾಟಗಾರರು ಮತ್ತು ದೇಶದ ಸುಮಾರು 20 ಲಕ್ಷ ನಾಗರಿಕರು ಸತ್ತರೆಂಬುದನ್ನು, ನೀವು ಎರಡನೆಯ ಪುಟದಲ್ಲೇ ಇಟ್ಟಿದ್ದೀರಿ. ಆ ಪ್ಯಾರಾವನ್ನು ತೆಗೆದುಹಾಕಿ, ಅಲ್ಲಿ ಒಂದು ಕಾಗದವನ್ನು ಇಡಿ. ಉತ್ತರದ ಹಳ್ಳಿಗಳಿಗೆ ಬರುತ್ತಿದ್ದ ಸಾವಿನ ಪತ್ರದಲ್ಲಿ ಎಷ್ಟೋ ಸಲ ‘ದಕ್ಷಿಣದ ರಣರಂಗದಲ್ಲಿ ಮಡಿದರು’ ಎಂದಷ್ಟೇ ಇರುತ್ತಿತ್ತು. ಊರಿನ ಹೆಸರಿಲ್ಲ, ಹೂತ ಜಾಗದ ಗುರುತಿಲ್ಲ. ಸತ್ತ ದಿನ ತಿಳಿಯದ ಮನೆಯವರು ಮಗ ಹೊಸ್ತಿಲು ದಾಟಿ ಹೋದ ದಿನವನ್ನೋ, ಹುತಾತ್ಮರ ದಿನವಾದ ಜುಲೈ 27ನ್ನೋ ತಿಥಿಯೆಂದು ಇಟ್ಟುಕೊಂಡರು. ಕ್ವಾಂಗ್ ಟ್ರಿ ಪ್ರಾಂತ್ಯದ ಸ್ಮಶಾನಗಳಲ್ಲಿ ಒಂದೇ ಅಳತೆಯ ಕಲ್ಲುಗಳು ಸಾಲುಸಾಲಾಗಿವೆ, ಎಷ್ಟೋ ಕಲ್ಲುಗಳ ಮೇಲೆ ಇರುವ ಬರಹ ‘ಹೆಸರು ತಿಳಿಯದ ಹುತಾತ್ಮ’ ಎಂದು ಮಾತ್ರ. ದೂರದಿಂದ ಬಂದವರು ಊದುಬತ್ತಿಯ ಕಟ್ಟು ಹಿಡಿದು ಕಲ್ಲಿಗೊಂದರಂತೆ ಹಚ್ಚಿಡುತ್ತಾ ಹೋಗುತ್ತಾರೆ. ಯಾವುದಾದರೂ ಒಂದು ತಮ್ಮವನದಿರಬಹುದು.

ಮನೆಯಿಂದ ದೂರ, ಹಿಂಸೆಗೆ ಸಿಕ್ಕು ಸತ್ತವರು ನೆಲೆಯಿಲ್ಲದೆ ಅಲೆಯುತ್ತಾರೆ ಎಂಬುದು ಅಲ್ಲಿನ ಗಾಢ ನಂಬಿಕೆ. ಅಮೆರಿಕದ ಸೈನ್ಯಕ್ಕೂ ಇದು ಗೊತ್ತಿತ್ತು. ಗೋಳಾಡುವ ಪ್ರೇತದ ಧ್ವನಿಯನ್ನು ಮುದ್ರಿಸಿ, ರಾತ್ರಿಹೊತ್ತು ಧ್ವನಿವರ್ಧಕಗಳಲ್ಲಿ ಕೇಳಿಸಿ, ಎದುರಾಳಿಗಳ ಧೈರ್ಯ ಕೆಡಿಸಲು ನೋಡಿತ್ತು. ಚಾಂದ್ರಮಾನದ ಏಳನೆಯ ತಿಂಗಳ ಹುಣ್ಣಿಮೆಯ ಹೊತ್ತಿಗೆ ಅನಾಥ ಆತ್ಮಗಳಿಗೆಂದು ಮನೆಯ ಹೊರಗೆ ಗಂಜಿ ಇಡುತ್ತಾರೆ. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೂ ಆ ಹೋಲಿಕೆಯನ್ನು ಕಥೆಯಲ್ಲಿ ಬಾಯಿಬಿಟ್ಟು ಹೇಳಬೇಡಿ.

ಐದನೆಯ ಪುಟದಲ್ಲಿ ಮುದುಕ “ನಾವೆಲ್ಲ ಒಂದಾಗಿ ಹೋರಾಡಿದೆವು” ಎನ್ನುತ್ತಾನೆ. ಅವನು ಹಾಗೆ ಹೇಳಬಹುದು, ಲೇಖಕರು ನಂಬಬಾರದು. ದಕ್ಷಿಣದಲ್ಲಿ ಒಬ್ಬ ಮಗ ಕ್ರಾಂತಿಯ ಕಡೆ, ಇನ್ನೊಬ್ಬ ಅಮೆರಿಕದ ಬೆಂಬಲವಿದ್ದ ಸೈಗಾನ್ ಸರ್ಕಾರದ ಸೈನ್ಯದಲ್ಲಿ ಇದ್ದ ಮನೆಗಳು ಎಷ್ಟೋ ಇದ್ದವು. ಇಬ್ಬರೂ ಸತ್ತ ಮನೆಯನ್ನು ಕಲ್ಪಿಸಿಕೊಳ್ಳಿ: ಒಬ್ಬನ ಪಟ ಸರ್ಕಾರದ ಗೌರವಪತ್ರದ ಜೊತೆ ಗೋಡೆಯ ಮೇಲಿದೆ, ಇನ್ನೊಬ್ಬನದು ಪೆಟ್ಟಿಗೆಯಲ್ಲಿ ಬಟ್ಟೆಗಳ ಅಡಿಯಲ್ಲಿದೆ. ತಾಯಿಗೆ ಇಬ್ಬರೂ ಮಕ್ಕಳೇ. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದವರ ವಶವಾಗಿ ಯುದ್ಧ ಮುಗಿದ ನಂತರ ಸೋತ ಕಡೆಯ ಅಧಿಕಾರಿಗಳನ್ನು ‘ಮರುಶಿಕ್ಷಣ’ವೆಂಬ ಹೆಸರಿನ ಸೆರೆ ಶಿಬಿರಗಳಿಗೆ ಕಳಿಸಿದರು. ಅವರ ಮಕ್ಕಳಿಗೆ ಕಾಲೇಜಿನ ಸೀಟು, ಸರ್ಕಾರಿ ನೌಕರಿ ಎಲ್ಲವೂ ಅರ್ಜಿಯಲ್ಲಿ ತಂದೆಯ ಪೂರ್ವವೃತ್ತಾಂತ ಬರೆಯುವ ಜಾಗದಲ್ಲಿ ಸಿಕ್ಕಿಬಿದ್ದವು. ಅದೇ ಏಪ್ರಿಲ್ 30 ದೇಶದೊಳಗೆ ವಿಮೋಚನೆಯ ಹಬ್ಬ. ದೋಣಿ ಹತ್ತಿ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಅದು ‘ಕಪ್ಪು ಏಪ್ರಿಲ್’.

ಇನ್ನು, ಚಹಾ ತಂದಿಟ್ಟು ಮರೆಯಾಗುವ ಆ ಅಕ್ಕ. ಆಕೆ ಹದಿಹರೆಯದಲ್ಲಿ ಯುವ ಸ್ವಯಂಸೇವಕರ ದಳ ಸೇರಿ, ಬಾಂಬು ಬಿದ್ದ ರಸ್ತೆಗಳಿಗೆ ಮಣ್ಣು ತುಂಬಿದಳೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಸಿಟ್ಟು ಬಂದದ್ದು ಇಲ್ಲೇ. 1968ರ ಜುಲೈ 24ರಂದು ಡೋಂಗ್ ಲಾಕ್ ಕೂಡುರಸ್ತೆಯಲ್ಲಿ ಇಂಥದೇ ಕೆಲಸದಲ್ಲಿದ್ದ ಹತ್ತು ಮಂದಿ ಯುವತಿಯರು ಒಂದೇ ಬಾಂಬಿಗೆ ಬಲಿಯಾದರು, ಅವರಿಗೆ ಸ್ಮಾರಕವಿದೆ. ಬದುಕಿ ಬಂದವರು ಮಲೇರಿಯಾದಿಂದ ಬಡವಾಗಿ, ಕೂದಲುದುರಿ ಊರಿಗೆ ಮರಳುವಷ್ಟರಲ್ಲಿ ಮದುವೆಯ ವಯಸ್ಸು ಮೀರಿತ್ತು, ಓರಗೆಯ ಗಂಡಸರು ಸತ್ತಿದ್ದರು. ಮುಪ್ಪಿನಲ್ಲಿ ನೋಡಿಕೊಳ್ಳುವವರು, ತಾವು ಸತ್ತ ಮೇಲೆ ಊದುಬತ್ತಿ ಹಚ್ಚುವವರು ಬೇಕೆಂದು ಅವರಲ್ಲಿ ಕೆಲವರು ಮದುವೆಯ ಹಂಗಿಲ್ಲದೆ ಒಬ್ಬ ಗಂಡಸಿನಿಂದ ಮಗುವನ್ನು ಕೇಳಿ ಪಡೆದರು. ಅಲ್ಲಿನ ಭಾಷೆಯಲ್ಲಿ ಅದಕ್ಕೆ ‘ಮಗುವನ್ನು ಬೇಡುವುದು’ ಎಂದೇ ಹೆಸರು. ಮೊದಮೊದಲು ಊರು ಆಡಿಕೊಂಡಿತು; 1986ರ ಕುಟುಂಬ ಕಾನೂನು ಇಂಥ ತಾಯಂದಿರ, ಮಕ್ಕಳ ಹಕ್ಕನ್ನು ಒಪ್ಪಿಕೊಂಡಿತು. ಇಷ್ಟೆಲ್ಲ ಇರುವ ಹೆಂಗಸನ್ನು ಚಹಾ ತರಲು ಕಳಿಸಿದ್ದೀರಿ!

ಏಜೆಂಟ್ ಆರೆಂಜ್ ಬಗೆಗಿನ ನಿಮ್ಮ ಮಾಹಿತಿ ಸರಿಯಾಗಿಯೇ ಇದೆ: 1961ರಿಂದ 1971ರವರೆಗೆ ಅಮೆರಿಕದ ಸೈನ್ಯ ಏಜೆಂಟ್ ಆರೆಂಜ್ ಸೇರಿ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದದ್ದು, ಅದರಲ್ಲಿದ್ದ ಡಯಾಕ್ಸಿನ್ ಎಂಬ ವಿಷ, ಎಲ್ಲವೂ. ಆದರೆ ಅಂಗವೈಕಲ್ಯದ ಮಗುವಿನ ವರ್ಣನೆಗೆ ಒಂದೂವರೆ ಪುಟ ಕೊಟ್ಟಿರುವುದು ಪ್ರದರ್ಶನವಾಗಿದೆ. ಅದರ ಬದಲು ಅದೇ ಮನೆಯ ಆರೋಗ್ಯವಂತ ತಂಗಿಯನ್ನು ನೋಡಲು ಬಂದವರು, ಒಳಕೋಣೆಯ ಸದ್ದು ಕೇಳಿ ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರೆ ಸಾಕಲ್ಲವೇ?

ಬೆಂಗಳೂರಿನ ಯುವತಿಯನ್ನು ದಯವಿಟ್ಟು ಕೈಬಿಡಿ. ಐವತ್ತು ವರ್ಷ ಸ್ವಂತ ಅಕ್ಕನಿಗೆ ಹೇಳದ್ದನ್ನು ಆತ ಪ್ರವಾಸಿಯೊಬ್ಬಳಿಗೆ ಒಂದು ಸಂಜೆಯಲ್ಲಿ ಹೇಳಲಾರ. ಹೇಳಿದರೂ ಅದರಿಂದ ಹಗುರಾಗಲಾರ.

ಉಳಿಸಿಕೊಳ್ಳಬೇಕಾದದ್ದು ಮೂರನೆಯ ಪುಟದಲ್ಲಿದೆ. ಬಾಂಬು ಬಿದ್ದು ಆದ ಗುಂಡಿಯಲ್ಲಿ ನೀರು ನಿಂತು, ಈಗ ಅದು ಮೀನಿನ ಹೊಂಡವಾಗಿದೆ. ಅಕ್ಕನ ಮೊಮ್ಮಗ ದಿನವೂ ಅದಕ್ಕೆ ತೌಡು ಎರಚುತ್ತಾನೆ, ಆ ಹೊಂಡ ಅಷ್ಟು ದುಂಡಗೆ ಏಕಿದೆ ಎಂದು ಅವನು ಯಾರನ್ನೂ ಕೇಳಿಲ್ಲ. ಇದು ನೀವು ಕಣ್ಣಾರೆ ಕಂಡದ್ದೆಂದು ಓದಿದರೇ ತಿಳಿಯುತ್ತದೆ. ಅಲ್ಲಿಂದ ಶುರುಮಾಡಿ, ಅಕ್ಕನನ್ನು ಹೊಂಡದ ದಡಕ್ಕೆ ಕರೆತನ್ನಿ. ಮೂರು ತಿಂಗಳು ತೆಗೆದುಕೊಂಡರೂ ಅಡ್ಡಿಯಿಲ್ಲ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

ಇಂತಿ,
ಸಂಪಾದಕ