ಯಾವ ಆಕ್ಷೇಪ, ಯಾವ ಬಾಗಿಲಿಗೆ?

ಓದುಗರ ಪತ್ರದ ಸಾರ: ನಾನಿರುವುದು ಇಂಗ್ಲೆಂಡಿನ ಒಂದು ಊರಿನಲ್ಲಿ. ಊರ ನಡುವಿನ ಮಾರುಕಟ್ಟೆ ಕಟ್ಟಡವನ್ನೂ ಪಕ್ಕದ ಕಾರ್ ಪಾರ್ಕನ್ನೂ ಕೆಡವಿ, ಖಾಸಗಿ ಡೆವಲಪರ್ ಜೊತೆ ಸೇರಿ ಫ್ಲ್ಯಾಟುಗಳು ಮತ್ತು ಹೋಟೆಲ್ ಕಟ್ಟಲು ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಹೊರಟಿದೆ. ನಾಲ್ಕು ವಾರ ಜನಾಭಿಪ್ರಾಯ ಕೇಳಿದರು. ಮೊದಲ ಪ್ರಶ್ನೆಯೇ ‘ಸುರಕ್ಷಿತ, ಹಸಿರು, ಲವಲವಿಕೆಯ ನಗರ ಕೇಂದ್ರ ನಿಮಗೆ ಬೇಕೇ?’ ಎಂದು. ಬೇಡ ಎನ್ನುವವರು ಯಾರಿದ್ದಾರೆ? ಎಲ್ಲ ಮೊದಲೇ ತೀರ್ಮಾನವಾಗಿರುವಂತಿದೆ. ಬರೆದು ಪ್ರಯೋಜನವಿದೆಯೇ? ಕೌನ್ಸಿಲ್ ತೀರ್ಮಾನಗಳನ್ನು ಪರಿಶೀಲಿಸುವ ಸ್ಕ್ರೂಟಿನಿ ಸಮಿತಿಗೆ ಇದನ್ನು ತಡೆಯುವ ಅಧಿಕಾರವಿದೆಯೇ?

ಸಂಪಾದಕರ ಉತ್ತರ:

ಖಂಡಿತ ಪ್ರಯೋಜನವಿದೆ, ಬರೆಯಿರಿ. ಆದರೆ ನೀವು ಪತ್ರದ ಜೊತೆಗಿಟ್ಟ ಆಕ್ಷೇಪಣೆಯ ಕರಡನ್ನು ಹಾಗೇ ಕಳಿಸಬೇಡಿ. ಕಟ್ಟಡದ ಎತ್ತರ, ನೆರಳು, ವ್ಯಾಪಾರಿಗಳ ಗತಿ, ಡೆವಲಪರ್ ಲಾಭ, ಕೌನ್ಸಿಲ್ ಮಾಡುವ ಸಾಲ, ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿ ಪ್ಲಾನಿಂಗ್ ವಿಭಾಗದ ವಿಳಾಸ ಬರೆದಿದ್ದೀರಿ. ಇದರಲ್ಲಿ ಅರ್ಧದಷ್ಟನ್ನು ಅವರು ಪಕ್ಕಕ್ಕಿಡುತ್ತಾರೆ. ಉದಾಸೀನದಿಂದಲ್ಲ, ಕಾನೂನೇ ಹಾಗಿದೆ.

ಇಂಥ ಯೋಜನೆಯಲ್ಲಿ ಕೌನ್ಸಿಲ್ಲಿಗೆ ಎರಡು ಪಾತ್ರ. ಒಂದರಲ್ಲಿ ಅದು ಜಮೀನಿನ ಒಡೆಯ: ಯಾರನ್ನು ಪಾಲುದಾರನಾಗಿ ಸೇರಿಸಿಕೊಳ್ಳಬೇಕು, ಜಾಗವನ್ನು ಎಷ್ಟಕ್ಕೆ ಕೊಡಬೇಕು, ಸಾಲ ಎಷ್ಟು ಎತ್ತಬೇಕು ಎಂಬುದನ್ನು ಕ್ಯಾಬಿನೆಟ್, ಅಂದರೆ ಕೌನ್ಸಿಲ್ಲಿನ ಆಡಳಿತ ನಡೆಸುವ ಕೌನ್ಸಿಲರ್‌ಗಳ ಗುಂಪು, ತೀರ್ಮಾನಿಸುತ್ತದೆ. ಇನ್ನೊಂದರಲ್ಲಿ ಅದು ಕಟ್ಟಡಕ್ಕೆ ಅನುಮತಿ ಕೊಡುವ ಪ್ರಾಧಿಕಾರ: ಎತ್ತರ, ಬೆಳಕು, ಸಂಚಾರ, ಹಳೆಯ ಕಟ್ಟಡಗಳ ರಕ್ಷಣೆ, ಕೈಗೆಟಕುವ ಬೆಲೆಯ ಮನೆಗಳು ಪ್ಲಾನಿಂಗ್ ಸಮಿತಿಯ ಪಾಲು. ಕೌನ್ಸಿಲ್ ಕೈಸುಟ್ಟುಕೊಳ್ಳುತ್ತದೆಯೇ ಎಂಬುದನ್ನು ಆ ಸಮಿತಿ ಕೇಳುವಂತಿಲ್ಲ. ನಿಮ್ಮ ಕರಡನ್ನು ಎರಡಾಗಿ ಸೀಳಿ. ಹಣದ ಮಾತು ಕ್ಯಾಬಿನೆಟ್ ಮತ್ತು ಸ್ಕ್ರೂಟಿನಿಗೆ, ಕಟ್ಟಡದ ಮಾತು ಪ್ಲಾನಿಂಗಿಗೆ. ಪ್ಲಾನಿಂಗ್ ಅರ್ಜಿಗೆ ಪ್ರತಿಕ್ರಿಯಿಸಲು ಸಾಮಾನ್ಯವಾಗಿ 21 ದಿನ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಹಣದ ಒಪ್ಪಂದಕ್ಕೆ ಸಹಿ ಬಿದ್ದಿರುವುದೇ ಹೆಚ್ಚು. ಆದ್ದರಿಂದ ಮೊದಲು ತಟ್ಟಬೇಕಾದ್ದು ಕ್ಯಾಬಿನೆಟ್ಟಿನ ಬಾಗಿಲು.

ಇನ್ನು ಆ ಪ್ರಶ್ನಾವಳಿ. ಜನಾಭಿಪ್ರಾಯ ಕೇಳುವುದಕ್ಕೆ ಇಂಗ್ಲೆಂಡಿನ ನ್ಯಾಯಾಲಯಗಳು 1985ರ ಗನ್ನಿಂಗ್ ಪ್ರಕರಣದಿಂದ ಹಿಡಿದುಕೊಂಡು ಬಂದಿರುವ ಅಳತೆಗಳು ನಾಲ್ಕು. ತೀರ್ಮಾನ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು. ಜನ ಯೋಚಿಸಿ ಉತ್ತರಿಸುವಷ್ಟು ಕಾರಣ, ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಬೇಕು. 2014ರ ಮೋಸ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವನ್ನು ಎತ್ತಿಹಿಡಿಯಿತು. ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ ತೆರಿಗೆ ರಿಯಾಯಿತಿ ಕಡಿತದ ಬಗ್ಗೆ ಜನರನ್ನು ಕೇಳಿತ್ತು; ಬೇರೆ ದಾರಿಗಳೂ ಇದ್ದವು, ಅವನ್ನು ಏಕೆ ಕೈಬಿಟ್ಟೆವು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅದು ಕಾನೂನುಬಾಹಿರ ಎಂದು ತೀರ್ಪಾಯಿತು. ಆದರೆ ಹೊಸದಾಗಿ ಅಭಿಪ್ರಾಯ ಕೇಳಿ ಎಂದು ನ್ಯಾಯಾಲಯ ಆದೇಶಿಸಲಿಲ್ಲ. ತಡವಾಗಿ ಗೆದ್ದರೆ ಕೈಗೆ ಸಿಗುವುದು ಇಷ್ಟೇ.

ಹಾಗಾಗಿ ‘ಹಸಿರು ಬೇಕೇ’ ಎಂಬಂಥ ಪ್ರಶ್ನೆಗೆ ಬರೀ ಟಿಕ್ ಹಾಕಿ ಕಳಿಸಬೇಡಿ. ಕೆಳಗಿನ ಖಾಲಿ ಜಾಗದಲ್ಲಿ, ಸಾಲದಿದ್ದರೆ ಬೇರೆ ಹಾಳೆಯಲ್ಲಿ, ಮೂರು ಪ್ರಶ್ನೆ ಬರೆಯಿರಿ. ಮಾರುಕಟ್ಟೆ ಕಟ್ಟಡವನ್ನು ಉಳಿಸಿಕೊಂಡು ದುರಸ್ತಿ ಮಾಡುವ ದಾರಿಯ ವೆಚ್ಚ ಲೆಕ್ಕ ಹಾಕಿದ್ದೀರಾ? ಅದನ್ನು ಬಿಟ್ಟಿದ್ದು ಯಾವ ವರದಿಯ ಆಧಾರದ ಮೇಲೆ? ಡೆವಲಪರ್ ಜೊತೆ ಈಗಾಗಲೇ ಯಾವ ಒಪ್ಪಂದಕ್ಕೆ ಸಹಿಯಾಗಿದೆ? ಟಿಕ್‌ಗಳೆಲ್ಲ ಸೇರಿ ‘ಇಷ್ಟು ಪ್ರತಿಶತ ಜನ ಒಪ್ಪಿದ್ದಾರೆ’ ಎಂಬ ಒಂದು ಸಾಲಾಗುತ್ತವೆ. ಬರೆದ ಪ್ರಶ್ನೆ ಮಾತ್ರ ದಾಖಲೆಯಲ್ಲಿ ಪ್ರಶ್ನೆಯಾಗಿಯೇ ನಿಲ್ಲುತ್ತದೆ.

ಸ್ಕ್ರೂಟಿನಿ ಸಮಿತಿಯ ವಿಷಯಕ್ಕೆ ಬರೋಣ. ಲೀಡರ್ ಮತ್ತು ಕ್ಯಾಬಿನೆಟ್ ಇರುವ ಕೌನ್ಸಿಲ್‌ಗಳಲ್ಲಿ ಇದು ಕಡ್ಡಾಯ, ಕ್ಯಾಬಿನೆಟ್ ಸದಸ್ಯರು ಇದರಲ್ಲಿ ಕೂರುವಂತಿಲ್ಲ. ಸಮಿತಿಗೆ ತೀರ್ಮಾನವನ್ನು ರದ್ದು ಮಾಡುವ ಅಧಿಕಾರ ಇಲ್ಲ. ಕ್ಯಾಬಿನೆಟ್ ಸದಸ್ಯರನ್ನೂ ಅಧಿಕಾರಿಗಳನ್ನೂ ಕರೆಸಿ ಉತ್ತರ ಹೇಳಿಸುವ ಅಧಿಕಾರ ಇದೆ; ಡೆವಲಪರ್‌ನನ್ನು ಆಹ್ವಾನಿಸಬಹುದು, ಬಲವಂತ ಮಾಡಲಾಗದು. ಜಾರಿಗೆ ಬಾರದ ತೀರ್ಮಾನವನ್ನು ‘ಕಾಲ್-ಇನ್’ ಮಾಡಿ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಕಾಲ್-ಇನ್ ಮಾಡುವುದು ಕೌನ್ಸಿಲರ್‌ಗಳು, ನೀವಲ್ಲ. ಎಷ್ಟು ಜನರ ಸಹಿ ಬೇಕು, ಎಷ್ಟು ದಿನದೊಳಗೆ ಎಂಬುದು ಆಯಾ ಕೌನ್ಸಿಲ್‌ನ ನಿಯಮಾವಳಿಯಲ್ಲಿದೆ. ಐದು ಕೆಲಸದ ದಿನ ಸಾಮಾನ್ಯ. ತೀರ್ಮಾನ ಬಂದ ಮೇಲೆ ಕೌನ್ಸಿಲರ್‌ನನ್ನು ಹುಡುಕಿಕೊಂಡು ಹೊರಟರೆ ಆ ಐದು ದಿನ ಕಳೆದೇ ಹೋಗುತ್ತದೆ. ಮೊದಲೇ ಮಾತಾಡಿ, ಕಾರಣಗಳ ಕರಡನ್ನು ಅವರ ಕೈಗಿಟ್ಟಿರಿ. ‘ಜನರಿಗೆ ಇಷ್ಟವಿಲ್ಲ’ ಎಂಬ ಕಾರಣಕ್ಕೆ ಕಾಲ್-ಇನ್ ಸಭೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ‘ಜನಾಭಿಪ್ರಾಯದ ಫಲಿತಾಂಶ ಕ್ಯಾಬಿನೆಟ್ ಮುಂದೆ ಇರಲಿಲ್ಲ’, ‘ದುರಸ್ತಿಯ ಆಯ್ಕೆಗೆ ವೆಚ್ಚವೇ ನಮೂದಾಗಿಲ್ಲ’ ಎಂದರೆ ಅಧಿಕಾರಿಗಳು ಕಡತ ತೆರೆಯಲೇಬೇಕು. ಒಂದು ಎಚ್ಚರಿಕೆ: ತೀರ್ಮಾನವನ್ನು ‘ತುರ್ತು’ ಎಂದು ಘೋಷಿಸಿ ಕಾಲ್-ಇನ್‌ನಿಂದ ಹೊರಗಿಡುವುದುಂಟು. ಕ್ಯಾಬಿನೆಟ್ ಮುಂದಿಡುವ ವರದಿಯಲ್ಲಿ ಆ ಪದ ಕಂಡರೆ ಕಾರಣ ಕೇಳಿ.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ವಯಬಿಲಿಟಿ ಲೆಕ್ಕಕ್ಕೆ, ಅಂದರೆ ಯೋಜನೆ ಹಣದ ಮಟ್ಟಿಗೆ ಗಿಟ್ಟುತ್ತದೆಯೇ ಎಂಬ ಲೆಕ್ಕಕ್ಕೆ. ಕಟ್ಟಿ ಮಾರಿದಾಗ ಬರುವ ಒಟ್ಟು ಮೌಲ್ಯದಿಂದ ನಿರ್ಮಾಣ ವೆಚ್ಚ, ಶುಲ್ಕ, ಬಡ್ಡಿ, ಡೆವಲಪರ್ ಲಾಭ ಕಳೆದರೆ ಉಳಿಯುವುದು ಜಾಗದ ಬೆಲೆ. ಲಾಭಕ್ಕೆ ಸರ್ಕಾರದ ಪ್ಲಾನಿಂಗ್ ಮಾರ್ಗಸೂಚಿ ಸೂಚಿಸುವುದು ಒಟ್ಟು ಮೌಲ್ಯದ ಶೇ. 15ರಿಂದ 20. ಒಟ್ಟು ಮೌಲ್ಯ 10 ಕೋಟಿ ಪೌಂಡ್ ಎಂದುಕೊಳ್ಳಿ. ಲಾಭವನ್ನು ಶೇ. 20ರ ಬದಲು 17.5 ಹಿಡಿದರೆ 25 ಲಕ್ಷ ಪೌಂಡ್ ಉಳಿಯಿತು. ನಿರ್ಮಾಣ ವೆಚ್ಚ 6 ಕೋಟಿಯಾಗಿದ್ದು, ಅನಿರೀಕ್ಷಿತ ಖರ್ಚಿಗೆಂದು ಶೇ. 10ರ ಬದಲು 5 ತೆಗೆದಿಟ್ಟರೆ ಇನ್ನೂ 30 ಲಕ್ಷ. ‘ಕೈಗೆಟಕುವ ಮನೆಗಳಿಗೆ ಹಣ ಸಾಲದು’ ಎಂಬ ಮಾತು ಹುಟ್ಟುವುದು ಇಂಥ ಎರಡು ಮೂರು ಸಾಲುಗಳಲ್ಲಿ. ಮನೆಗಳನ್ನು ಕಡಿಮೆ ಮಾಡಲು ಈ ಲೆಕ್ಕವನ್ನು ಬಳಸಿಕೊಂಡಾಗ ಮಾತ್ರ ಅದು ಪ್ಲಾನಿಂಗ್ ಸಮಿತಿಯ ವಿಷಯವೂ ಆಗುತ್ತದೆ. ಮಾರಾಟದ ಬೆಲೆ ಮುಂದೆ ಏರಿದರೆ ಹೆಚ್ಚುವರಿಯಲ್ಲಿ ಕೌನ್ಸಿಲ್ಲಿಗೆ ಪಾಲು ಸಿಗುವ ‘ಓವರೇಜ್’ ಷರತ್ತು ಇದೆಯೇ ಎಂದೂ ಕೇಳಿ.

ಜಾಗದ ಬೆಲೆಯ ಬಗ್ಗೆ: 1972ರ ಸ್ಥಳೀಯ ಸರ್ಕಾರ ಕಾಯಿದೆಯ 123ನೇ ವಿಧಿಯ ಪ್ರಕಾರ ಕೌನ್ಸಿಲ್ ತನ್ನ ಜಾಗಕ್ಕೆ ಸಿಗಬಹುದಾದ ಅತ್ಯುತ್ತಮ ಬೆಲೆ ಪಡೆಯಬೇಕು. ಊರಿನ ಆರ್ಥಿಕ, ಸಾಮಾಜಿಕ ಅಥವಾ ಪರಿಸರ ಹಿತಕ್ಕಾಗಿ ಕಡಿಮೆಗೆ ಕೊಡಬಹುದು. ಆದರೆ ನಷ್ಟ 20 ಲಕ್ಷ ಪೌಂಡ್ ಮೀರಿದರೆ ಸಚಿವರ ಪ್ರತ್ಯೇಕ ಒಪ್ಪಿಗೆ ಬೇಕು. ಸ್ವತಂತ್ರ ಮೌಲ್ಯಮಾಪನ ಯಾವ ದಿನಾಂಕದ್ದು ಎಂದು ಕೇಳಿ. ಹಳೆಯದಾಗಿದ್ದರೆ ಅದೇ ಒಂದು ಆಕ್ಷೇಪ.

ಹೋಟೆಲ್ ಬರುತ್ತದೆ ಎಂದಿದ್ದೀರಿ. ‘ಇನ್‌ಕಮ್ ಸ್ಟ್ರಿಪ್’ ಎಂಬ ಪದ ವರದಿಯಲ್ಲಿದೆಯೇ ನೋಡಿ. ಇದರಲ್ಲಿ ಹೂಡಿಕೆದಾರರು ಹಣ ಹಾಕುತ್ತಾರೆ, ಕೌನ್ಸಿಲ್ ಹಲವು ದಶಕ ಹಣದುಬ್ಬರಕ್ಕೆ ತಕ್ಕಂತೆ ಏರುವ ಬಾಡಿಗೆ ಕಟ್ಟುವ ಭರವಸೆ ಕೊಡುತ್ತದೆ. ಹೋಟೆಲ್ ಖಾಲಿ ಬಿದ್ದರೂ ಬಾಡಿಗೆ ನಿಲ್ಲುವುದಿಲ್ಲ. ಬೇರೆ ಬಗೆಯ ಸಾಲವೂ ಇಷ್ಟೇ ಅಪಾಯಕಾರಿ: ನಗರ ಕೇಂದ್ರದ ವಿಕ್ಟೋರಿಯಾ ಸ್ಕ್ವೇರ್ ನಿರ್ಮಾಣ ಸೇರಿದಂತೆ ಹಲವು ಯೋಜನೆಗಳಿಗೆ ಭಾರೀ ಸಾಲ ಎತ್ತಿದ್ದ ವೋಕಿಂಗ್ ಕೌನ್ಸಿಲ್ 2023ರ ಜೂನ್‌ನಲ್ಲಿ 120 ಕೋಟಿ ಪೌಂಡ್ ಕೊರತೆ ತೋರಿಸಿ, ಆದಾಯ ಖರ್ಚಿಗೆ ಸಾಲದು ಎಂಬ 114ನೇ ವಿಧಿಯ ನೋಟಿಸ್ ಹೊರಡಿಸಬೇಕಾಯಿತು.

ಈ ಲೆಕ್ಕಗಳೆಲ್ಲ ‘ಗೌಪ್ಯ ಅನುಬಂಧ’ದಲ್ಲಿವೆ ಎಂಬ ಉತ್ತರ ಬಂದೇ ಬರುತ್ತದೆ. ಕ್ಯಾಬಿನೆಟ್ ಬಾಗಿಲು ಮುಚ್ಚಿ ಚರ್ಚಿಸಬೇಕಾದರೆ 28 ದಿನ ಮುಂಚೆ ನೋಟಿಸ್ ಕೊಡಬೇಕು. ಬಹಿರಂಗವಾಗಿಯೇ ಚರ್ಚಿಸಿ ಎಂದು ನೀವು ಬರೆದರೆ, ಆ ಮನವಿಯನ್ನೂ ತಮ್ಮ ಉತ್ತರವನ್ನೂ ಸಭೆಗೆ ಐದು ದಿನ ಮುಂಚೆ ಅವರು ಪ್ರಕಟಿಸಬೇಕು. ಈ ಹಕ್ಕನ್ನು ಬಳಸುವವರು ತೀರಾ ಕಡಿಮೆ, ನಮಗೆ ಬೇಸರದ ಸಂಗತಿ ಇದು. ಜೊತೆಗೇ 2004ರ ಪರಿಸರ ಮಾಹಿತಿ ನಿಯಮಗಳಡಿ ವಯಬಿಲಿಟಿ ವರದಿ ಕೇಳಿ. ಸಾಮಾನ್ಯವಾಗಿ 20 ಕೆಲಸದ ದಿನದೊಳಗೆ ಉತ್ತರ ಬರಬೇಕು.

ಮಾರುಕಟ್ಟೆಯ ವ್ಯಾಪಾರಿಗಳಲ್ಲಿ ಬಹುಪಾಲು ವಲಸೆ ಬಂದ ಕುಟುಂಬದವರು ಎಂದು ಬರೆದಿದ್ದೀರಿ. ಇದು ಕೇವಲ ಮರುಕದ ಮಾತಲ್ಲ. ಲಂಡನ್ನಿನ ಸೆವೆನ್ ಸಿಸ್ಟರ್ಸ್‌ನಲ್ಲಿ ಲ್ಯಾಟಿನ್ ಅಮೆರಿಕನ್ ವ್ಯಾಪಾರಿಗಳ ಮಾರುಕಟ್ಟೆಯಿದ್ದ ವಾರ್ಡ್ಸ್ ಕಾರ್ನರ್ ಕೆಡವುವ ಯೋಜನೆಗೆ ಸಿಕ್ಕಿದ್ದ ಅನುಮತಿಯನ್ನು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಜನಾಂಗ ಸಮಾನತೆಯ ಕರ್ತವ್ಯವನ್ನು ಕೌನ್ಸಿಲ್ ಪರಿಗಣಿಸಿರಲಿಲ್ಲ ಎಂಬುದೇ ಕಾರಣ. ಈಗ ಆ ಕರ್ತವ್ಯ 2010ರ ಸಮಾನತೆ ಕಾಯಿದೆಯ 149ನೇ ವಿಧಿಯಲ್ಲಿದೆ. ವರದಿಯ ಕೊನೆಯಲ್ಲಿ ಸಮಾನತೆ ಮೌಲ್ಯಮಾಪನ ಇರುತ್ತದೆ. ಮಳಿಗೆಗಳ ಸಂಖ್ಯೆ, ತಾತ್ಕಾಲಿಕ ಜಾಗ, ಅಲ್ಲಿನ ಬಾಡಿಗೆ, ಮರಳಿ ಬರುವ ಹಕ್ಕು, ಇವು ನಾಲ್ಕೂ ಅದರಲ್ಲಿ ಇವೆಯೇ ಎಂದು ಬೆರಳಿಟ್ಟು ನೋಡಿ. ಈ ಅಂಶವನ್ನು ಎರಡೂ ಬಾಗಿಲಿಗೆ ಬರೆಯಬಹುದು.

ಈ ವಾರವೇ ಮಾಡಬೇಕಾದ್ದು ಒಂದಿದೆ. ಕೌನ್ಸಿಲ್ ಜಾಲತಾಣದಲ್ಲಿ ‘ಫಾರ್ವರ್ಡ್ ಪ್ಲಾನ್’ ತೆರೆಯಿರಿ. ಪ್ರಮುಖ ತೀರ್ಮಾನಗಳು ಸಭೆಗೆ 28 ದಿನ ಮುಂಚೆ ಅಲ್ಲಿರಬೇಕು. ನಿಮ್ಮ ಯೋಜನೆಯ ಸಾಲು ಕಂಡರೆ ಸಭೆಯ ದಿನಾಂಕ ಬರೆದುಕೊಳ್ಳಿ. ಅಜೆಂಡಾ ಮತ್ತು ವರದಿಗಳು ಐದು ದಿನ ಮುಂಚೆ ಬರುತ್ತವೆ, ಸಾರ್ವಜನಿಕ ಪ್ರಶ್ನೆ ಸಲ್ಲಿಸುವ ಗಡುವು ಕೆಲವೆಡೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ವರದಿ ನೋಡಿಕೊಂಡು ಬರೆದರಾಯಿತು ಎಂದು ಕಾಯುವವರು ಅಲ್ಲಿಯೇ ಎಡವುವುದು. ಪ್ರಶ್ನೆಯನ್ನು ಈಗಲೇ ಕಳಿಸಿ, ಅಭಿಪ್ರಾಯವನ್ನಲ್ಲ, ಒಂದು ಸಂಖ್ಯೆಯನ್ನೋ ದಿನಾಂಕವನ್ನೋ ಕೇಳಿ. ಉಪಪ್ರಶ್ನೆಗೆ ಅವಕಾಶವಿದ್ದರೆ ವರದಿ ಓದಿದ ಮೇಲೆ ಹುಟ್ಟಿದ್ದನ್ನು ಅದಕ್ಕೆ ಇಟ್ಟುಕೊಳ್ಳಿ.